ಉದ್ರಿ ಪುಸ್ತಕದಲ್ಲಿದ್ದ, ಊರಲ್ಲೆಲ್ಲೂ ಇಲ್ಲದ ಗಿರಾಕಿಗಳು

ಈ ವಾರದ ಎಪಿಸೋಡ್ ಅಮೆರಿಕದ್ದು, 1938ರದ್ದು. ಆದ್ರೆ ಅಲ್ಲಿಗೆ ಹೋಗೋಕೆ ಮುಂಚೆ ದಾವಣಗೆರೆಯಿಂದ ಬಂದ ಒಂದು ಫೋನ್ ಕಾಲ್ ಬಗ್ಗೆ ಹೇಳ್ಬೇಕು.

ಫೋನ್ ಮಾಡಿದ್ದು ನಮ್ಮ ದೊಡ್ಡಪ್ಪ. ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು. ಯಾರೋ ಪರಿಚಯದವರು ಒಂದು ಆ್ಯಪ್ ತೋರಿಸಿದ್ರಂತೆ. ಸಣ್ಣ ಕಂಪನಿಯೊಂದು ದೊಡ್ಡ ಕಂಪನಿಗೆ ಮಾಲು ಕೊಟ್ಟಿರುತ್ತೆ, ದುಡ್ಡು ಬರೋದು 90 ದಿನ ಆದ್ಮೇಲೆ. ಆ 90 ದಿನಕ್ಕೆ ನೀವು ದುಡ್ಡು ಕೊಡಿ, ದೊಡ್ಡ ಕಂಪನಿ ಬಿಲ್ ಕಟ್ಟಿದಾಗ ಬಡ್ಡಿ ಸಮೇತ ವಾಪಸ್ ಬರುತ್ತೆ ಅಂತ. ದೊಡ್ಡಪ್ಪ ಆ ಬಿಲ್ಲಿನ ಪಿಡಿಎಫ್ ನನಗೆ ವಾಟ್ಸ್‌ಆ್ಯಪ್ ಮಾಡಿ, "ನೋಡಪಾ, ನೀನು ಬಿಕಾಂ ಓದೀಯ. ಇದು ಖರೇ ಐತೋ ಇಲ್ಲೋ ನೋಡಿ ಹೇಳು" ಅಂದ್ರು.

ನಾನು ನೋಡಿದೆ. ಲೆಟರ್‌ಹೆಡ್ ಇತ್ತು. ಜಿಎಸ್‌ಟಿ ನಂಬರ್ ಇತ್ತು. ಇನ್‌ವಾಯ್ಸ್ ನಂಬರ್, ದಿನಾಂಕ, ಸೀಲು, ಸಹಿ ಎಲ್ಲಾ ಇತ್ತು. ಬಿಲ್ ಕಟ್ಟಬೇಕಾದ ಕಂಪನಿ ನಾವೆಲ್ಲ ಹೆಸರು ಕೇಳಿರೋ ಕಂಪನಿ. "ಸರಿಯಾಗೇ ಕಾಣ್ತಿದೆ ದೊಡ್ಡಪ್ಪ" ಅಂದೆ. ಅವರು 4 ಲಕ್ಷ ಹಾಕಿದ್ರು. 90 ದಿನ ಆಯ್ತು, 180 ದಿನವೂ ಆಯ್ತು. ಆ್ಯಪ್‌ನಲ್ಲಿ ಈಗಲೂ 'ಪಾವತಿ ಪ್ರಕ್ರಿಯೆಯಲ್ಲಿದೆ' ಅಂತಲೇ ಬರುತ್ತೆ. ದೂರು ಕೊಟ್ಟಾಗಿದೆ, ಹಾಗಾಗಿ ಆ್ಯಪ್ ಹೆಸರು ಇಲ್ಲಿ ಹೇಳಲ್ಲ. ದೊಡ್ಡಪ್ಪ ನನಗೆ ಒಂದು ಮಾತೂ ಬೈದಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಆಮೇಲೆ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ನಾನು ಆ ಕಾಗದದಲ್ಲಿ ಎಲ್ಲವನ್ನೂ ನೋಡಿದೆ. ಹಾಗಾದ್ರೆ ನೋಡದೆ ಬಿಟ್ಟಿದ್ದು ಏನು? ಉತ್ತರ ಹುಡುಕ್ತಾ ಹೋದಾಗ ಸಿಕ್ಕಿದ್ದು ಫಿಲಿಪ್ ಮ್ಯೂಸಿಕಾ ಅನ್ನೋ ಮನುಷ್ಯನ ಕಥೆ. ತಮಾಷೆ ಏನು ಗೊತ್ತಾ? ಅವನಿಂದಾಗಿ ಲೆಕ್ಕಪರಿಶೋಧನೆಯ ಜಗತ್ತೇ ಬದಲಾಯ್ತು. ಅವನ ದೆಸೆಯಿಂದ ಕಡ್ಡಾಯವಾದ ನಿಯಮವನ್ನು ನಾನು ಆಡಿಟಿಂಗ್ ಪೇಪರ್‌ನಲ್ಲಿ ಬಾಯಿಪಾಠ ಮಾಡಿ ಐದು ಮಾರ್ಕ್ಸ್ ತಗೊಂಡಿದ್ದೆ. ಆದ್ರೆ ಅವನ ಹೆಸರು ಕೇಳಿರಲಿಲ್ಲ.

ಬರಬೇಕಾದ ಬಾಕಿ ಅಂದ್ರೆ ಏನು?

ಮೊದಲು ಒಂದು ಸಣ್ಣ ವಿಷಯ. ಕಾಮರ್ಸ್ ಓದದವರು ಹೆದರಬೇಡಿ, ಇದು ನಿಮಗೆ ಗೊತ್ತಿರೋದೇ.

ಕಿರಾಣಿ ಅಂಗಡಿಯಲ್ಲಿ ಉದ್ರಿ ಪುಸ್ತಕ ಇರುತ್ತಲ್ಲ, ಅದೇ. ಮಾಲು ಹೋಗಿದೆ, ದುಡ್ಡು ಬಂದಿಲ್ಲ. ಬರಬೇಕು. ಅಂಗಡಿಯವನ ಪಾಲಿಗೆ ಆ ಪುಸ್ತಕ ಒಂದು ಆಸ್ತಿ. ಕಂಪನಿಗಳ ಬ್ಯಾಲೆನ್ಸ್ ಶೀಟ್‌ನಲ್ಲಿ ಇದಕ್ಕೆ ಡೆಟರ್ಸ್ ಅಂತಾರೆ, ರಿಸೀವಬಲ್ಸ್ ಅಂತಾರೆ. ಗೋದಾಮಿನಲ್ಲಿರೋ ಮಾಲನ್ನು ಕಣ್ಣಲ್ಲಿ ನೋಡಬಹುದು. ಬ್ಯಾಂಕಿನಲ್ಲಿರೋ ದುಡ್ಡನ್ನು ಎಣಿಸಬಹುದು. ಆದ್ರೆ ಬರಬೇಕಾದ ಬಾಕಿ ಇದ್ಯಲ್ಲ, ಅದು ಮುಟ್ಟೋಕೆ ಸಿಗದ ಆಸ್ತಿ. ಅದು ಒಬ್ಬ ಮನುಷ್ಯ ಇನ್ನೊಬ್ಬನ ಬಗ್ಗೆ ಹೇಳೋ ಮಾತು ಅಷ್ಟೇ: 'ಅವನು ನನಗೆ ಕೊಡಬೇಕು.'

ನಮ್ಮ ಅಜ್ಜ ದಾವಣಗೆರೆಯಲ್ಲಿ ಒಂದು ದಲಾಲಿ ಮಂಡಿಯಲ್ಲಿ ಗುಮಾಸ್ತರಾಗಿದ್ರು. ದೀಪಾವಳಿ ಪಾಡ್ಯಕ್ಕೆ ಹೊಸ ಖಾತೆ-ಕಿರ್ದಿ ಪುಸ್ತಕಕ್ಕೆ ಪೂಜೆ ಆಗ್ಬೇಕು, ಅದಕ್ಕೂ ಮುಂಚೆ ಹಳೇ ಬಾಕಿ ತಾಳೆ ಆಗ್ಬೇಕು. ಹಬ್ಬಕ್ಕೆ ಹದಿನೈದು ದಿನ ಇದೆ ಅನ್ನುವಾಗ ಅಜ್ಜ ಖಾತೆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ, ಸೈಕಲ್ಲಿಗೆ ಕಟ್ಟಿ ಹಳ್ಳಿಗಳಿಗೆ ಹೊರಡೋರಂತೆ. "ಗೌಡ್ರೇ, ನಿಮ್ ಲೆಕ್ಕದಾಗ ಇಷ್ಟು ಬಾಕಿ ಐತಿ, ಹೌದೇನ್ರಿ?" ಅಂತ ಕೇಳೋದು. ಹೌದು ಅಂದ್ರೆ ಸಹಿ ಇಲ್ಲಾ ಹೆಬ್ಬೆಟ್ಟು. "ಇಲ್ರಿ, ಸಂಕ್ರಾಂತಿಗೆ ಅರ್ಧ ಕೊಟ್ಟೀನಲ್ಲ" ಅಂದ್ರೆ ಅಲ್ಲೇ ಜಗಳ, ಅಲ್ಲೇ ತಿದ್ದುಪಡಿ. ಈ ಸೈಕಲ್ ಕಥೆ ನೆನಪಿಟ್ಕೊಳ್ಳಿ, ಕೊನೆಗೆ ಇಲ್ಲಿಗೇ ವಾಪಸ್ ಬರ್ತೀವಿ.

ಚೀಸ್, ಕೂದಲು, ಸಾರಾಯಿ

ಫಿಲಿಪ್ ಮ್ಯೂಸಿಕಾ ಇಟಲಿಯಿಂದ ನ್ಯೂಯಾರ್ಕ್‌ಗೆ ವಲಸೆ ಬಂದ ಕುಟುಂಬದವನು. ಮನೆಯವರದ್ದು ಇಟಲಿಯ ಚೀಸ್ ಮತ್ತು ದಿನಸಿ ತರಿಸಿ ಮಾರೋ ವ್ಯಾಪಾರ. ಫಿಲಿಪ್ ಬುದ್ಧಿವಂತ. ಬಂದರಿನಲ್ಲಿ ತೂಕ ಹಾಕೋ ಸುಂಕದ ನೌಕರರಿಗೆ ಲಂಚ ಕೊಟ್ಟು ಚೀಸ್‌ನ ತೂಕ ಕಡಿಮೆ ಬರೆಸಿದ. ತೂಕ ಕಡಿಮೆ ಆದ್ರೆ ಸುಂಕ ಕಡಿಮೆ. 1909ರಲ್ಲಿ ಸಿಕ್ಕಿಬಿದ್ದ. ಕೆಲವು ತಿಂಗಳು ಒಳಗಿದ್ದ, ಅಧ್ಯಕ್ಷ ಟಾಫ್ಟ್ ಕ್ಷಮೆ ನೀಡಿದ್ದರಿಂದ ಬೇಗ ಹೊರಬಂದ.

ಹೊರಬಂದವನು ಕೂದಲ ವ್ಯಾಪಾರಕ್ಕಿಳಿದ. ಹೌದು, ತಲೆಗೂದಲು. ಆಗಿನ ಕಾಲದ ಹೆಂಗಸರು ತಲೆ ಮೇಲೆ ಗೋಪುರದ ಹಾಗೆ ಕೂದಲು ಕಟ್ಟೋ ಫ್ಯಾಷನ್ ಇತ್ತು, ಅದಕ್ಕೆ ಚೌರಿ ಬೇಕು. ಇಟಲಿಯಿಂದ ಉದ್ದ ಕೂದಲು ತರಿಸ್ತೀನಿ ಅಂತ ಸರಕಿನ ಕಾಗದಪತ್ರ ತೋರಿಸಿ ಹಲವು ಬ್ಯಾಂಕುಗಳಿಂದ ಸಾಲ ಎತ್ತಿದ. 1913ರಲ್ಲಿ ಬ್ಯಾಂಕಿನವರಿಗೆ ಅನುಮಾನ ಬಂದು ಪೆಟ್ಟಿಗೆ ತೆರೆಸಿದರೆ ಒಳಗೆ ಇದ್ದದ್ದು ಕ್ಷೌರದಂಗಡಿಯ ಕಸದಂಥ ತುಂಡು ಕೂದಲು. ಕುಟುಂಬ ಸಮೇತ ಓಡಿಹೋದ. ನ್ಯೂ ಆರ್ಲಿಯನ್ಸ್‌ನಲ್ಲಿ ಹಡಗು ಹತ್ತಿದ್ದಾಗ ಪೊಲೀಸರು ಹಿಡಿದ್ರು. ತಪ್ಪನ್ನೆಲ್ಲ ತಾನೇ ಹೊತ್ತುಕೊಂಡು ಸುಮಾರು ಮೂರು ವರ್ಷ ಜೈಲಿನಲ್ಲಿದ್ದ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಪೆಟ್ಟಿಗೆ ತೆರೆದ ಕೂಡಲೇ ಅವನ ಕಥೆ ಮುಗೀತು. ಅವನು ಇದರಿಂದ ಕಲಿತ ಪಾಠ ಏನಿರಬಹುದು ಅನ್ನೋದು ಮುಂದೆ ಅವನು ಮಾಡಿದ ಕೆಲಸದಿಂದಲೇ ಗೊತ್ತಾಗುತ್ತೆ: ಯಾರೂ ತೆರೆಯೋಕೆ ಆಗದ ಪೆಟ್ಟಿಗೆ ಬೇಕು.

1920ರಿಂದ ಅಮೆರಿಕದಲ್ಲಿ ಪಾನನಿಷೇಧ. ಆದರೆ ಔಷಧಿ, ಹೇರ್ ಟಾನಿಕ್ ಮಾಡೋ ಕಂಪನಿಗಳಿಗೆ ಆಲ್ಕೋಹಾಲ್ ಕಾನೂನುಬದ್ಧವಾಗಿ ಸಿಗ್ತಿತ್ತು. ಮ್ಯೂಸಿಕಾ ಹೆಸರು ಬದಲಾಯಿಸಿಕೊಂಡು ಮೊದಲು ಕೋಸ್ಟಾ ಆದ, ಆಮೇಲೆ ಡಾಕ್ಟರ್ ಫ್ರ್ಯಾಂಕ್ ಡೊನಾಲ್ಡ್ ಕೋಸ್ಟರ್ ಆದ. ಹೈಡಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದಿದ್ದೇನೆ ಅಂತ ಹೇಳಿಕೊಂಡ. ನ್ಯೂಯಾರ್ಕ್ ಪಕ್ಕದ ಮೌಂಟ್ ವರ್ನನ್‌ನಲ್ಲಿ ಗಿರಾರ್ಡ್ ಅಂಡ್ ಕಂಪನಿ ಶುರುಮಾಡಿದ. ಟಾನಿಕ್ ಹೆಸರಲ್ಲಿ ಬಂದ ಆಲ್ಕೋಹಾಲ್ ಕಳ್ಳಬಟ್ಟಿಯವರ ಕೈ ಸೇರ್ತಿತ್ತು. ಜೊತೆಗೆ ಅವನು ಮಾಡಿದ ಜಾಣ ಕೆಲಸ ಅಂದ್ರೆ, ಆ ಕಾಲದ ಅತ್ಯಂತ ಗೌರವದ ಆಡಿಟ್ ಸಂಸ್ಥೆಗಳಲ್ಲಿ ಒಂದಾದ ಪ್ರೈಸ್ ವಾಟರ್‌ಹೌಸ್ ಹತ್ತಿರ ತನ್ನ ಲೆಕ್ಕ ತಪಾಸಣೆ ಮಾಡಿಸಿದ್ದು. ಕಳ್ಳನೇ ಕರೆದು ಪೊಲೀಸರನ್ನು ಮನೆಯಲ್ಲಿ ಕೂರಿಸಿಕೊಂಡ ಹಾಗೆ.

ಆ ಸಹಿ ನೋಡಿ ನಂಬಿದವರಲ್ಲಿ ಜೂಲಿಯನ್ ಥಾಂಪ್ಸನ್ ಒಬ್ಬ. ಬಾಂಡ್ ಅಂಡ್ ಗುಡ್‌ವಿನ್ ಅನ್ನೋ ಹಣಕಾಸು ಸಂಸ್ಥೆಯವನು. ಹೂಡಿಕೆದಾರರಿಂದ ಬಂಡವಾಳ ಎತ್ತಿಕೊಡೋದು ಇಂಥ ಸಂಸ್ಥೆಯ ಕೆಲಸ. ಹೀಗೆ ಎತ್ತಿದ ದುಡ್ಡಿನಿಂದ ಕೋಸ್ಟರ್ 1926ರಲ್ಲಿ ಮ್ಯಾಕೆಸನ್ ಅಂಡ್ ರಾಬಿನ್ಸ್ ಕಂಪನಿಯನ್ನು ಕೊಂಡ. 1833ರಲ್ಲಿ ಶುರುವಾಗಿದ್ದ, ಮನೆಮಾತಾಗಿದ್ದ ಔಷಧಿ ಕಂಪನಿ ಅದು. ಒಂದೆರಡು ವರ್ಷದಲ್ಲಿ ದೇಶದ ಉದ್ದಗಲದ ಹತ್ತಾರು ಸಗಟು ಔಷಧಿ ವ್ಯಾಪಾರಿಗಳನ್ನು ಸೇರಿಸಿಕೊಂಡು ಕಂಪನಿ ದೈತ್ಯವಾಗಿ ಬೆಳೀತು. ನ್ಯೂಯಾರ್ಕ್ ಷೇರುಪೇಟೆಯಲ್ಲಿ ಷೇರು, ಕನೆಕ್ಟಿಕಟ್ ರಾಜ್ಯದ ಫೇರ್‌ಫೀಲ್ಡ್‌ನಲ್ಲಿ ಬಂಗಲೆ, ವಿಹಾರಕ್ಕೆ ಸ್ವಂತ ಹಡಗು, ಗಣ್ಯರ ಪರಿಚಯ ಗ್ರಂಥದಲ್ಲಿ ಹೆಸರು. ಕೂದಲ ಕಳ್ಳನನ್ನು ಯಾರೂ ಗುರುತಿಸಲಿಲ್ಲ.

ದುಡ್ಡು ಸುತ್ತುವ ಗಾಣ

ಈಗ ಮುಖ್ಯ ಭಾಗ. ನಿಧಾನವಾಗಿ ಹೇಳ್ತೀನಿ.

ಮ್ಯಾಕೆಸನ್‌ನ ಬಹುಪಾಲು ವ್ಯಾಪಾರ ನಿಜವಾದದ್ದೇ. ನಿಜವಾದ ಔಷಧಿ, ನಿಜವಾದ ಅಂಗಡಿಗಳು. ಸುಳ್ಳಿದ್ದದ್ದು ಒಂದು ವಿಭಾಗದಲ್ಲಿ ಮಾತ್ರ: ಕಚ್ಚಾ ಔಷಧಿ ವಿಭಾಗ. ಔಷಧಿ ತಯಾರಿಸೋಕೆ ಬೇಕಾದ ಮೂಲ ಸಾಮಗ್ರಿಗಳ ವಿದೇಶಿ ವ್ಯಾಪಾರ. ಇದನ್ನು ಕೋಸ್ಟರ್ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದ.

ಪುಸ್ತಕದ ಪ್ರಕಾರ ನಡೀತಿದ್ದದ್ದು ಹೀಗೆ. ಕೆನಡಾದ ಐದು ಕಂಪನಿಗಳಿಂದ ಮ್ಯಾಕೆಸನ್ ಮಾಲು ಕೊಳ್ಳುತ್ತೆ. ಮಾಲು ಅವರ ಗೋದಾಮಿನಲ್ಲೇ ಮ್ಯಾಕೆಸನ್ ಹೆಸರಲ್ಲಿ ಇರುತ್ತೆ. ಡಬ್ಲ್ಯು. ಡಬ್ಲ್ಯು. ಸ್ಮಿತ್ ಅಂಡ್ ಕಂಪನಿ ಅನ್ನೋ ಏಜೆಂಟ್ ಮೂಲಕ ಅದು ಬೇರೆ ಬೇರೆ ದೇಶಗಳ ಗಿರಾಕಿಗಳಿಗೆ ಮಾರಾಟ ಆಗುತ್ತೆ. ಗಿರಾಕಿಗಳು ಬಾಕಿ ಉಳಿಸಿಕೊಂಡು, ಆಮೇಲೆ ಕಟ್ಟುತ್ತಾರೆ. ದುಡ್ಡನ್ನು ಮ್ಯಾನಿಂಗ್ ಅಂಡ್ ಕಂಪನಿ ಅನ್ನೋ ಮಾಂಟ್ರಿಯಲ್‌ನ ಬ್ಯಾಂಕರ್ ವಸೂಲಿ ಮಾಡಿ ಜಮಾ ಹಾಕುತ್ತಾರೆ.

ವಾಸ್ತವದಲ್ಲಿ ಗೋದಾಮು ಇರಲಿಲ್ಲ, ಮಾಲು ಇರಲಿಲ್ಲ, ಗಿರಾಕಿಗಳಿಗೆ ಯಾರೂ ಏನನ್ನೂ ಮಾರಿರಲಿಲ್ಲ. ಸ್ಮಿತ್ ಕಂಪನಿ ಅಂದ್ರೆ ಬ್ರೂಕ್ಲಿನ್‌ನ ಒಂದು ಆಫೀಸು. ಅಲ್ಲಿ ಕೂತಿದ್ದವನು ಜಾರ್ಜ್ ವರ್ನಾರ್ಡ್, ಅಂದ್ರೆ ಫಿಲಿಪ್‌ನ ತಮ್ಮ ಆರ್ಥರ್ ಮ್ಯೂಸಿಕಾ. ಅವನ ಹತ್ತಿರ ಬೇರೆ ಬೇರೆ ಕಂಪನಿಗಳ ಲೆಟರ್‌ಹೆಡ್, ಬೇರೆ ಬೇರೆ ಟೈಪ್‌ರೈಟರ್. ಒಂದೇ ಯಂತ್ರದ ಅಕ್ಷರ ಎಲ್ಲ ಕಡೆ ಕಂಡ್ರೆ ಅನುಮಾನ ಬರಬಹುದು ನೋಡಿ, ಅದಕ್ಕೆ. ಕೆನಡಾದ ವಿಳಾಸಗಳು ಬರೀ ಅಂಚೆ ವಿಳಾಸಗಳು. ಇನ್ನೊಬ್ಬ ತಮ್ಮ ಜಾರ್ಜ್, 'ಡೀಟ್ರಿಕ್' ಅನ್ನೋ ಹೆಸರಲ್ಲಿ ಮ್ಯಾಕೆಸನ್‌ನ ಸಹಾಯಕ ಖಜಾಂಚಿ. ಮತ್ತೊಬ್ಬ ರಾಬರ್ಟ್, ಅವನೂ 'ಡೀಟ್ರಿಕ್', ಸರಕು ಸಾಗಣೆ ನೋಡಿಕೊಳ್ತಿದ್ದ. ಬಿಲ್ ಬರೆಯೋನು, ಬಿಲ್ ಪಾಸ್ ಮಾಡೋನು, ಮಾಲು ಬಂತು ಅನ್ನೋನು ಎಲ್ಲರೂ ಒಂದೇ ತಾಯಿ ಮಕ್ಕಳು.

ದುಡ್ಡು? ಗಾಣದ ಎತ್ತಿನ ಹಾಗೆ ಸುತ್ತು ಹೊಡೀತಿತ್ತು. 'ಮಾಲು ಕೊಂಡೆವು' ಅಂತ ಕಂಪನಿಯಿಂದ ಹೊರಗೆ ಹೋದ ದುಡ್ಡೇ 'ಗಿರಾಕಿ ಬಾಕಿ ಕಟ್ಟಿದ' ಅಂತ ವಾಪಸ್ ಬರೋದು. ಮಧ್ಯದಲ್ಲಿ ಒಂದಿಷ್ಟು ಸಹೋದರರ ಜೇಬಿಗೆ. ಮೊದಮೊದಲು ನಿಜವಾದ ದುಡ್ಡೇ ಓಡಾಡ್ತಿತ್ತು, ಆಮೇಲಾಮೇಲೆ ಮ್ಯಾನಿಂಗ್ ಹೆಸರಿನ ಖಾತೆಯಲ್ಲಿ ಬರೀ ಜಮಾ-ಖರ್ಚಿನ ಬರಹ. ಬಾಕಿ ಕಾಲಕಾಲಕ್ಕೆ ವಸೂಲಿ ಆಗ್ತಿದ್ದದ್ದರಿಂದ 'ಈ ಗಿರಾಕಿಗಳು ಒಳ್ಳೆಯವರು' ಅನ್ನೋ ನಂಬಿಕೆ ಗಟ್ಟಿಯಾಗ್ತಾ ಹೋಯ್ತು.

1937ರ ಲೆಕ್ಕಪತ್ರದಲ್ಲಿ ಮ್ಯಾಕೆಸನ್‌ನ ಒಟ್ಟು ಆಸ್ತಿ ಸುಮಾರು 8.7 ಕೋಟಿ ಡಾಲರ್. ಅದರಲ್ಲಿ ಸುಮಾರು 1.9 ಕೋಟಿ ಸುಳ್ಳು. ಇಲ್ಲದ ಮಾಲು ಸುಮಾರು 1 ಕೋಟಿ, ಇಲ್ಲದ ಗಿರಾಕಿಗಳ ಬಾಕಿ ಸುಮಾರು 90 ಲಕ್ಷ. ಆ ಒಂದೇ ವರ್ಷದ ಸುಳ್ಳು ಮಾರಾಟ 1.8 ಕೋಟಿ ಡಾಲರ್, ಅದರ ಮೇಲೆ ತೋರಿಸಿದ ಲಾಭ ಸುಮಾರು 18 ಲಕ್ಷ. ವರ್ಷಗಟ್ಟಲೆ ನಡೆದ ಈ ಆಟದಲ್ಲಿ ಕೊನೆಗೂ ಕದ್ದ ದುಡ್ಡು 30 ಲಕ್ಷ ಡಾಲರ್ ಆಸುಪಾಸು. ಕದ್ದದ್ದಕ್ಕಿಂತ ಆರು ಪಟ್ಟು ದೊಡ್ಡ ಸುಳ್ಳನ್ನು ಪುಸ್ತಕದಲ್ಲಿ ಸಾಕಬೇಕಾಯ್ತು.

ಬೆಳೀತಾನೇ ಇದ್ದ, ದುಡ್ಡು ಕೊಡದ ಲಾಭ

ಹೊರಗೆ ಎಳೆದವನು ಯಾರು? ಆಡಿಟರ್ ಅಲ್ಲ, ಸರ್ಕಾರ ಅಲ್ಲ. ಅದೇ ಜೂಲಿಯನ್ ಥಾಂಪ್ಸನ್. ಇಷ್ಟು ಹೊತ್ತಿಗೆ ಅವನು ಮ್ಯಾಕೆಸನ್‌ನ ಖಜಾಂಚಿಯಾಗಿದ್ದ. ಕೋಸ್ಟರ್‌ನನ್ನು ಮನಸಾರೆ ಮೆಚ್ಚಿದ್ದ, ಹೂಡಿಕೆದಾರರ ಮುಂದೆ ಅವನ ಪರವಾಗಿ ನಿಂತಿದ್ದ.

ಥಾಂಪ್ಸನ್‌ಗೆ ಕಂಡದ್ದು ಬಹಳ ಸರಳವಾದ ವಿಷಯ. ಕಂಪನಿಯ ಎಲ್ಲ ವಿಭಾಗಕ್ಕಿಂತ ಕಚ್ಚಾ ಔಷಧಿ ವಿಭಾಗದಲ್ಲಿ ಲಾಭ ಚೆನ್ನಾಗಿದೆ. ಆದರೆ ಆ ಲಾಭ ಯಾವತ್ತೂ ದುಡ್ಡಾಗಿ ಕೈಗೆ ಬರಲ್ಲ. ಪ್ರತಿ ಸಲವೂ ಅದು ಮತ್ತಷ್ಟು ಮಾಲಾಗಿ, ಮತ್ತಷ್ಟು ಬಾಕಿಯಾಗಿ ಅಲ್ಲೇ ಉಳಿಯುತ್ತೆ. ಆ ಮಾಲಿನ ದಾಸ್ತಾನು ಕಡಿಮೆ ಮಾಡಿ ನಗದು ಮಾಡಿ ಅಂತ ನಿರ್ದೇಶಕರು ಹೇಳಿದ್ರು. ದಾಸ್ತಾನು ಕಡಿಮೆ ಆಗೋ ಬದಲು ಹೆಚ್ಚಾಯ್ತು!

ನಮ್ಮ ಕಡೆ ಹೇಳ್ತಾರಲ್ಲ, ಹಿತ್ತಲಲ್ಲಿ ಹಸು ಇದೆ ಅಂದವನ ಮನೆಯಲ್ಲಿ ಒಂದು ದಿನವಾದ್ರೂ ಮಜ್ಜಿಗೆ ಸಿಗಬೇಕು.

ಥಾಂಪ್ಸನ್ 1938ರಲ್ಲಿ ಸ್ಮಿತ್ ಕಂಪನಿಯ ಬೆನ್ನು ಹತ್ತಿದ. ಫೈಲಿನಲ್ಲಿ ಆ ಕಂಪನಿ ಬಗ್ಗೆ ಡನ್ ಅಂಡ್ ಬ್ರಾಡ್‌ಸ್ಟ್ರೀಟ್‌ನ ವರದಿಗಳಿದ್ವು. ವ್ಯಾಪಾರಿಗಳ ಸಾಲದ ಯೋಗ್ಯತೆ ಅಳೆಯೋ ಪ್ರಸಿದ್ಧ ಸಂಸ್ಥೆ ಅದು. ಬೇರೆ ಯಾರಾದ್ರೂ ಆಗಿದ್ರೆ ವರದಿ ಓದಿ ಸುಮ್ಮನಾಗ್ತಿದ್ರು. ಇವನು ಆ ಕಾಗದ ತಗೊಂಡು ಡನ್ ಅಂಡ್ ಬ್ರಾಡ್‌ಸ್ಟ್ರೀಟ್‌ನವರನ್ನೇ ಕೇಳಿದ: "ಇದು ನಿಮ್ಮದಾ?" ಅಲ್ಲ ಅಂದ್ರು. ವರದಿಯೇ ನಕಲಿ.

ಅಷ್ಟೇ. ಹನ್ನೆರಡು ವರ್ಷದ ಕೋಟೆ ಬೀಳೋಕೆ ಬೇಕಾದದ್ದು ಒಂದೇ ಪ್ರಶ್ನೆ. ಅದೂ ಕಾಗದ ತೋರಿಸಿದವನಿಗಲ್ಲ, ಕಾಗದದಲ್ಲಿ ಯಾರ ಹೆಸರಿತ್ತೋ ಅವರಿಗೆ ಕೇಳಿದ ಪ್ರಶ್ನೆ.

1938ರ ಡಿಸೆಂಬರ್ ಮೊದಲ ವಾರದಲ್ಲಿ ಕಂಪನಿ ಕೋರ್ಟ್ ಮೆಟ್ಟಿಲೇರಿತು, ಷೇರುಪೇಟೆಯಲ್ಲಿ ಅದರ ವಹಿವಾಟು ನಿಂತಿತು. ಕೋಸ್ಟರ್‌ನ ಬೆರಳಚ್ಚು ತೆಗೆದಾಗ ಹಳೇ ಕಡತದ ಫಿಲಿಪ್ ಮ್ಯೂಸಿಕಾನ ಬೆರಳಚ್ಚಿಗೆ ತಾಳೆಯಾಯ್ತು. ಡಿಸೆಂಬರ್ 16ರಂದು ಅಧಿಕಾರಿಗಳು ಫೇರ್‌ಫೀಲ್ಡ್‌ನ ಮನೆಗೆ ಬಂದಾಗ ಅವನು ತನ್ನ ಜೀವ ತೆಗೆದುಕೊಂಡ. ತಮ್ಮಂದಿರಿಗೆ ಜೈಲಾಯ್ತು.

ಒಂದು ಸಮಾಧಾನ ಅಂದ್ರೆ ಕಂಪನಿ ಉಳೀತು. ಅದರ ಬಹುಪಾಲು ವ್ಯಾಪಾರ ನಿಜವಾಗಿತ್ತಲ್ಲ. ಕೋರ್ಟಿನ ಉಸ್ತುವಾರಿಯಲ್ಲಿ ಚೇತರಿಸಿಕೊಂಡು 1941ರಲ್ಲಿ ಹೊರಬಂತು. ಮ್ಯಾಕೆಸನ್ ಇವತ್ತು ಅಮೆರಿಕದ ಅತಿದೊಡ್ಡ ಕಂಪನಿಗಳಲ್ಲಿ ಒಂದು.

ಐದು ಮಾರ್ಕ್ಸಿನ ಪ್ರಶ್ನೆ ಹುಟ್ಟಿದ್ದು ಹೀಗೆ

ಆಡಿಟರ್‌ಗಳು ಏನು ಮಾಡ್ತಿದ್ರು ಅಂತ ಕೇಳ್ತೀರಾ? ಜನವೂ ಅದನ್ನೇ ಕೇಳಿದ್ರು. ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ ಎಸ್‌ಇಸಿ ಹುಟ್ಟಿ ಆಗಿನ್ನೂ ನಾಲ್ಕೇ ವರ್ಷ. 1939ರ ಜನವರಿಯಲ್ಲಿ ಅದು ವಿಚಾರಣೆ ಶುರುಮಾಡ್ತು.

ಪ್ರೈಸ್ ವಾಟರ್‌ಹೌಸ್‌ನವರು ಮೋಸದಲ್ಲಿ ಪಾಲುದಾರರಾಗಿರಲಿಲ್ಲ. ಆಗಿನ ವಾಡಿಕೆಯಂತೆ ಪುಸ್ತಕ, ಬಿಲ್ಲು, ರಸೀದಿ ಎಲ್ಲ ಒಂದಕ್ಕೊಂದು ತಾಳೆ ನೋಡಿದ್ರು. ತಾಳೆ ಆಗ್ತಿತ್ತು, ಯಾಕಂದ್ರೆ ಎಲ್ಲವನ್ನೂ ಬರೆದವರು ಒಂದೇ ಮನೆಯವರು! ಮಾಲನ್ನು ಹೋಗಿ ನೋಡೋದು, ಬಾಕಿದಾರರಿಗೆ ನೇರವಾಗಿ ಪತ್ರ ಬರೆದು ಕೇಳೋದು ಆಗ ಗೊತ್ತಿಲ್ಲದ ವಿದ್ಯೆ ಏನಲ್ಲ. ಆದರೆ ಕಡ್ಡಾಯ ಇರಲಿಲ್ಲ. ಖರ್ಚು ಜಾಸ್ತಿ ಅಂತ ಕಂಪನಿ ಬೇಡ ಅಂದ್ರೆ ಬಿಡ್ತಿದ್ರು. ಮ್ಯಾಕೆಸನ್‌ನಲ್ಲಿ ಗಿರಾಕಿಗಳನ್ನು ಕೇಳಿರಲಿಲ್ಲ. ಕೆನಡಾದ ಮಾಲಿನ ಬಗ್ಗೆ ಖಾತ್ರಿ ಪತ್ರ ತರಿಸಿಕೊಂಡಾಗಲೂ ಅದು ಬಂದದ್ದು ಮ್ಯೂಸಿಕಾ ಕುಟುಂಬವೇ ಇಟ್ಟಿದ್ದ ವಿಳಾಸಗಳಿಂದ.

ಇಲ್ಲಿ ನಮ್ಮ ಬಿಕಾಂನವರಿಗೆ ಒಂದು ಹಳೇ ನೆನಪು ಬರಬೇಕು. 1896ರ ಕಿಂಗ್‌ಸ್ಟನ್ ಕಾಟನ್ ಮಿಲ್ ಕೇಸು. ಆಡಿಟರ್ ಕಾವಲುನಾಯಿ ಇದ್ದ ಹಾಗೆ, ಬೇಟೆನಾಯಿ ಅಲ್ಲ ಅಂತ ಇಂಗ್ಲೆಂಡಿನ ನ್ಯಾಯಾಧೀಶರು ಹೇಳಿದ್ದು. ನಾವೆಲ್ಲ ಅದನ್ನು ಬರೆದು ಪಾಸಾದವರೇ. ಆ ಕೇಸಿನಲ್ಲೂ ಮಿಲ್ಲಿನ ಮ್ಯಾನೇಜರ್ ಹತ್ತಿ-ನೂಲಿನ ದಾಸ್ತಾನನ್ನು ಹೆಚ್ಚಿಗೆ ತೋರಿಸಿ ಕೊಟ್ಟ ಪ್ರಮಾಣಪತ್ರವನ್ನು ಆಡಿಟರ್ ನಂಬಿದ್ದ, ಕೋರ್ಟ್ ಅದು ತಪ್ಪಲ್ಲ ಅಂದಿತ್ತು. 40 ವರ್ಷ ಆ ನೆರಳಲ್ಲಿ ವೃತ್ತಿ ನಡೀತು. ಕೋಸ್ಟರ್ ಬಂದು ತೋರಿಸಿದ: ಕಾವಲುನಾಯಿ ಬೊಗಳೋಕಾದ್ರೂ ಒಂದು ಸಲ ಮನೆಯಿಂದ ಹೊರಗೆ ಬಂದು ನೋಡಬೇಕು.

1939ರಲ್ಲೇ ಅಮೆರಿಕದ ಲೆಕ್ಕಪರಿಶೋಧಕರ ಸಂಸ್ಥೆ ಹೊಸ ವಿಧಾನಗಳನ್ನು ಒಪ್ಪಿಕೊಂಡಿತು. ದಾಸ್ತಾನು ಎಣಿಸುವಾಗ ಆಡಿಟರ್ ಹಾಜರಿರಬೇಕು. ಬರಬೇಕಾದ ಬಾಕಿ ಇದೆ ಅಂದ್ರೆ, ಬಾಕಿದಾರನಿಗೆ ನೇರವಾಗಿ ಪತ್ರ ಬರೆದು ಕೇಳಬೇಕು. ಪ್ರೈಸ್ ವಾಟರ್‌ಹೌಸ್ ತಾನು ಪಡೆದಿದ್ದ ಶುಲ್ಕದಲ್ಲಿ 5 ಲಕ್ಷ ಡಾಲರ್‌ಗೂ ಹೆಚ್ಚನ್ನು ಮ್ಯಾಕೆಸನ್‌ಗೆ ವಾಪಸ್ ಕೊಟ್ಟಿತು. ನಮ್ಮಲ್ಲಿ ಸಿಎ ಸಂಸ್ಥೆಯ ಮಾನದಂಡ ಎಸ್‌ಎ 505 ಅಂತ ಇದೆ, ಹೊರಗಿನವರಿಂದ ನೇರ ದೃಢೀಕರಣ ಪಡೆಯೋದರ ಬಗ್ಗೆ. ಅದರ ಹಿಂದೆ ಇರೋದು ಇದೇ ಪಾಠ.

ನೋಡಿ, ನಮ್ಮ ಅಜ್ಜ ಸೈಕಲ್ ಮೇಲೆ ಮಾಡ್ತಿದ್ದದ್ದೂ ಇದನ್ನೇ. ಅವರಿಗೆ ಅದಕ್ಕೊಂದು ಇಂಗ್ಲಿಷ್ ಹೆಸರಿದೆ ಅಂತ ಗೊತ್ತಿರಲಿಲ್ಲ ಅಷ್ಟೇ.

ಕೇಳಿದರೆ ಸಾಲದು, ಸರಿಯಾದ ಬಾಗಿಲು ತಟ್ಟಬೇಕು

ನಿಯಮ ಬಂತು, ಮೋಸ ನಿಂತಿತಾ? 2009ರ ಜನವರಿ 7, ಹೈದರಾಬಾದ್. ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ತಮ್ಮದೇ ನಿರ್ದೇಶಕ ಮಂಡಳಿಗೆ ಪತ್ರ ಬರೆದು ತಪ್ಪೊಪ್ಪಿಕೊಂಡರು. ಲೆಕ್ಕದಲ್ಲಿರೋ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ, ಬಾಕಿದಾರರ ಲೆಕ್ಕದಲ್ಲಿ 490 ಕೋಟಿ ಹೆಚ್ಚಿಗೆ ತೋರಿಸಿದೆ ಅಂತ. ತನಿಖೆಯಲ್ಲಿ ಸಾವಿರಾರು ನಕಲಿ ಇನ್‌ವಾಯ್ಸ್‌ಗಳು ಹೊರಬಂದವು. ಒಂದೇ ದಿನದಲ್ಲಿ ಷೇರಿನ ಬೆಲೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕುಸೀತು.

ಸತ್ಯಂಗೆ ಆಡಿಟ್ ಮಾಡ್ತಿದ್ದದ್ದು ಪ್ರೈಸ್ ವಾಟರ್‌ಹೌಸ್‌ನ ಭಾರತದ ಸಂಸ್ಥೆಗಳು. 70 ವರ್ಷದ ನಂತರ ಅದೇ ಹೆಸರು. 2011ರಲ್ಲಿ ಎಸ್‌ಇಸಿ ಜೊತೆ 60 ಲಕ್ಷ ಡಾಲರ್ ದಂಡಕ್ಕೆ ಅವು ರಾಜಿ ಮಾಡಿಕೊಂಡವು, ಆರೋಪ ಒಪ್ಪದೆ, ಅಲ್ಲಗಳೆಯದೆ. ಎಸ್‌ಇಸಿ ಹೇಳಿದ ಮುಖ್ಯ ದೋಷ ಏನು ಗೊತ್ತಾ? ಬ್ಯಾಂಕುಗಳಿಗೆ ದೃಢೀಕರಣ ಪತ್ರ ಕಳಿಸೋ, ಉತ್ತರ ಪಡೆಯೋ ಕೆಲಸವನ್ನೇ ಸತ್ಯಂನ ಆಡಳಿತದ ಕೈಗೆ ಬಿಟ್ಟಿದ್ದರು ಅಂತ. ಅಂದ್ರೆ ಪ್ರಶ್ನೆ ಪತ್ರಿಕೆಯನ್ನೂ ಉತ್ತರ ಪತ್ರಿಕೆಯನ್ನೂ ವಿದ್ಯಾರ್ಥಿಯ ಕೈಯಲ್ಲೇ ಕೊಟ್ಟು ಕಳಿಸಿದ ಹಾಗೆ.

ಈಗ ನಮ್ಮ ಫೋನಿನೊಳಗೇ ಬಂದಿದೆ. 2025ರ ಫೆಬ್ರವರಿಯಲ್ಲಿ ಸೈಬರಾಬಾದ್ ಪೊಲೀಸರು ಫಾಲ್ಕನ್ ಅನ್ನೋ ಇನ್‌ವಾಯ್ಸ್ ಡಿಸ್ಕೌಂಟಿಂಗ್ ವೇದಿಕೆಗೆ ಸಂಬಂಧಿಸಿದವರನ್ನು ಬಂಧಿಸಿದರು. ದೊಡ್ಡ ಕಂಪನಿಗಳ ಹೆಸರಿನಲ್ಲಿ ನಕಲಿ ವ್ಯವಹಾರ ತೋರಿಸಿ ಸುಮಾರು 1,700 ಕೋಟಿ ರೂಪಾಯಿ ಸಂಗ್ರಹಿಸಿದ್ದರು, ಸುಮಾರು 7,000 ಹೂಡಿಕೆದಾರರಿಗೆ ಹಣ ವಾಪಸ್ ಬಂದಿಲ್ಲ ಅನ್ನೋದು ಪೊಲೀಸರ ಆರೋಪ. ದೊಡ್ಡಪ್ಪ ಹಾಕಿದ್ದು ಬೇರೆ ಆ್ಯಪ್, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದ್ರೆ ಸುದ್ದಿ ಓದಿದಾಗ ಅವರ ಪಿಡಿಎಫ್ ಕಣ್ಮುಂದೆ ಬಂತು.

ಹಾಗಂತ ಬಿಲ್ ಮೇಲೆ ಸಾಲ ಕೊಡೋ ವ್ಯಾಪಾರವೇ ಮೋಸ ಅಲ್ಲ. ಸಣ್ಣ ಉದ್ದಿಮೆಗಳಿಗೆ ಅದು ಉಸಿರು. ರಿಸರ್ವ್ ಬ್ಯಾಂಕ್ ಇದಕ್ಕಾಗಿಯೇ ಟ್ರೆಡ್ಸ್ ಅನ್ನೋ ವ್ಯವಸ್ಥೆ ತಂದಿದೆ. ಅಲ್ಲಿ ಮಾಲು ಕೊಂಡ ಕಂಪನಿ ತಾನೇ ವೇದಿಕೆಗೆ ಬಂದು 'ಹೌದು, ಈ ಬಿಲ್ ನನ್ನದು, ನಾನು ಕಟ್ಟಬೇಕು' ಅಂತ ಒಪ್ಪಿದ ಮೇಲೆಯೇ ಹಣ ಬಿಡುಗಡೆ. ದುಡ್ಡು ಹಾಕೋರು ಬ್ಯಾಂಕುಗಳು, ಹಣಕಾಸು ಸಂಸ್ಥೆಗಳು. ನಿಮ್ಮ-ನಮ್ಮಂಥವರಿಗೆ ಅಲ್ಲಿ ಪ್ರವೇಶ ಇಲ್ಲ. ಬ್ಯಾಂಕಿನವರೇ ಆ 'ಹೌದು' ಇಲ್ಲದೆ ದುಡ್ಡು ಬಿಡದಿರುವಾಗ, ನಿವೃತ್ತ ಮೇಷ್ಟ್ರು ಒಂದು ಪಿಡಿಎಫ್ ನೋಡಿ ಕೊಡಬೇಕಾ?

ಈಗ ನನ್ನ ಪ್ರಶ್ನೆಗೆ ಉತ್ತರ. ನಾನು ನೋಡದೆ ಬಿಟ್ಟದ್ದು ಕಾಗದದಲ್ಲಿ ಇರಲೇ ಇಲ್ಲ. ಲೆಟರ್‌ಹೆಡ್, ಸೀಲು, ಜಿಎಸ್‌ಟಿ ನಂಬರ್ ಇವೆಲ್ಲ ಬಾಕಿ ಬರಬೇಕು ಅನ್ನೋನ ಮಾತು. ಬಾಕಿ ಕೊಡಬೇಕಾದವನ ಮಾತು ನನಗೆ ಬೇಕಿತ್ತು. ಆ ದೊಡ್ಡ ಕಂಪನಿಯ ವೆಬ್‌ಸೈಟ್‌ಗೆ ನಾನೇ ಹೋಗಿ, ಅಲ್ಲಿನ ನಂಬರ್ ತಗೊಂಡು, "ಈ ಬಿಲ್ ನಿಮ್ಮದಾ?" ಅಂತ ಕೇಳಬೇಕಿತ್ತು. ಆ್ಯಪ್‌ನವರು ಕೊಟ್ಟ ನಂಬರಿಗಲ್ಲ. ಆ ಕಂಪನಿ ನನ್ನಂಥವನಿಗೆ ಉತ್ತರ ಕೊಡ್ತಿರಲಿಲ್ಲ ಅನ್ಕೊಳ್ಳಿ. ಸರಿ, ಹಾಗಾದ್ರೆ ಅದೇ ಉತ್ತರ. ಕೇಳಿ ತಿಳಿಯೋಕೆ ಆಗದ ಬಾಕಿಗೆ ದುಡ್ಡು ಕೊಡಬಾರದು.

ಕಳೆದ ತಿಂಗಳು ದಾವಣಗೆರೆಗೆ ಹೋಗಿದ್ದೆ. ದೊಡ್ಡಪ್ಪನಿಗೆ ಈ ಕಥೆ ಪೂರ್ತಿ ಹೇಳಿದೆ. ಚೀಸ್, ಕೂದಲು, ಟೈಪ್‌ರೈಟರ್ ಎಲ್ಲಾ. ಕೇಳಿಸಿಕೊಂಡು ಸುಮ್ಮನೆ ಕೂತಿದ್ರು. ಆಮೇಲೆ ಕೇಳಿದ್ರು: "ಅಪ್ಪ ಸೈಕಲ್ ಮ್ಯಾಲೆ ಹೋಗೋವಾಗ ನಾನೂ ಒಂದೆರಡು ಸಲ ಹಿಂದ ಕೂತು ಹೋಗಿದ್ದೆ. ಗಿರಾಕಿ ಮನ್ಯಾಗ ಇಲ್ಲ ಅಂದ್ರ ಏನ್ ಮಾಡ್ತಿದ್ರು ಗೊತ್ತೇನು?"

ಗೊತ್ತಿಲ್ಲ ಅಂದೆ.

"ಕಟ್ಟಿ ಮ್ಯಾಲೆ ಕುಂದರ್ತಿದ್ರು. ಅವ ಹೊಲದಿಂದ ಬರೋತನಕ."

ಇಷ್ಟು ಈ ವಾರಕ್ಕೆ. ನಿಮ್ಮ ಮನೆಯಲ್ಲೂ ಯಾರಾದ್ರೂ ಇಂಥ ಪಿಡಿಎಫ್ ಕಳಿಸಿ "ಇದು ಖರೇ ಏನು?" ಅಂತ ಕೇಳಿದ್ರೆ, ದಯವಿಟ್ಟು ನನ್ನ ಹಾಗೆ ಐದು ನಿಮಿಷದಲ್ಲಿ ಉತ್ತರ ಕೊಡಬೇಡಿ. ಸ್ವಲ್ಪ ಕಟ್ಟೆ ಮೇಲೆ ಕೂತ್ಕೊಳ್ಳಿ. ಮುಂದಿನ ವಾರ ಸಿಗೋಣ, ನಮಸ್ಕಾರ.